ದುಬಾರೆಯಲ್ಲಿ ದೋಣಿ ನಿಂತಿದೆ: ಜಾಲತಾಣ ನಡೆಸುವವರಿಗೆ ಗಿಟ್‌ನ ಮೊದಲ ಪಾಠ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮಕ್ಕಳನ್ನು ಕಟ್ಟಿಕೊಂಡು ಕೊಡಗಿನ ದುಬಾರೆ ಆನೆ ಶಿಬಿರಕ್ಕೆ ಹೋಗಿದ್ದೆ. ಹಿಂದಿನ ರಾತ್ರಿ ಮೊಬೈಲಿನಲ್ಲಿ ನೋಡಿದ ಒಂದು ಜಾಲತಾಣ ‘ವರ್ಷವಿಡೀ ದೋಣಿ ಸೌಲಭ್ಯ’ ಎಂದು ಭರವಸೆ ಕೊಟ್ಟಿತ್ತು. ಗುಡ್ಡೆಹೊಸೂರಿನಲ್ಲಿ ತಿರುಗಿ, ನಂಜರಾಯಪಟ್ಟಣದ ಕಡೆಯಿಂದ ನದಿದಂಡೆಗೆ ಬಂದರೆ ಕಾವೇರಿ ಕೆಂಪಗೆ ದಡ ಮುಟ್ಟಿ ಹರಿಯುತ್ತಿದ್ದಾಳೆ. ದೋಣಿಗಳನ್ನು ಎಳೆದು ಕಟ್ಟಿಹಾಕಿದ್ದಾರೆ. ಆನೆಗಳೆಲ್ಲ ಆಚೆ ದಡದಲ್ಲಿ. ಚಿಕ್ಕವಳು ಅತ್ತಳು. ಟೀ ಅಂಗಡಿಯವರು ಲೋಟ ಮುಂದೆ ಇಡುತ್ತಾ, “ದಿನಾ ಹೀಗೇ ಬಂದು ವಾಪಸ್ ಹೋಗ್ತಾರೆ ಸಾರ್. ಅದ್ಯಾರು ಬರೀತಾರೋ” ಎಂದರು.

ಬರೆದವರ ಪರಿಚಯ ಆಮೇಲೆ ಆಯಿತು. ಒಳ್ಳೆಯ ಮನುಷ್ಯ. ತಪ್ಪಿದೆ ಎಂದು ಅವರಿಗೂ ಗೊತ್ತಿತ್ತು. “ಅಳಿಸಿದ್ರೆ ಬೇಸಿಗೆಗೆ ಮತ್ತೆ ಹೊಸದಾಗಿ ಬರೀಬೇಕಲ್ಲ, ಇರಲಿ ಅಂತ ಬಿಟ್ಟೆ” ಎಂದರು. ಹಳೆಯ ಮಾಹಿತಿ ಜಾಲತಾಣಗಳಲ್ಲಿ ಕೊಳೆಯುವುದಕ್ಕೆ ಸೋಮಾರಿತನ ಕಾರಣವೆಂದು ನಾವು ಬೈಯುತ್ತೇವೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅದು ಅಳಿಸುವ ಭಯ. ಅಳಿಸಿದ್ದು ಮತ್ತೆ ಸಿಗುತ್ತದೆ ಎಂಬ ಖಾತ್ರಿ ಇದ್ದರೆ ಯಾರು ಬೇಕಾದರೂ ಧೈರ್ಯವಾಗಿ ಅಳಿಸುತ್ತಾರೆ. ಆ ಖಾತ್ರಿ ಕೊಡುವ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣ ಎಂದು ಹೆಸರು.

ಕನ್ನಡ ವಿಕಿಪೀಡಿಯದ ಯಾವುದೇ ಪುಟದ ಮೇಲೆ ‘ಇತಿಹಾಸ’ ಒತ್ತಿ ನೋಡಿದವರಿಗೆ ಇದು ಹೊಸದಲ್ಲ. ಯಾರು, ಯಾವಾಗ, ಯಾವ ಪದ ಬದಲಿಸಿದರು ಎನ್ನುವುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರಿಗೂ ಅಂಥದೇ ಇತಿಹಾಸ ಕೊಡುವ ತಂತ್ರಾಂಶ ಗಿಟ್. ಲಿನಕ್ಸ್ ಕಟ್ಟಿದ ಲಿನಸ್ ಟೋರ್ವಾಲ್ಡ್ಸ್ ತಮ್ಮ ಕೆಲಸಕ್ಕೆಂದೇ 2005ರ ಏಪ್ರಿಲ್‌ನಲ್ಲಿ ಅದನ್ನು ಬರೆದರು. ಹಾಗೆ ಇತಿಹಾಸ ಸಮೇತ ಇರುವ ಫೋಲ್ಡರನ್ನು ಇಂಟರ್ನೆಟ್ಟಿನಲ್ಲಿ ಇಟ್ಟುಕೊಳ್ಳಲು ಜಾಗ ಕೊಡುವುದು ಗಿಟ್‌ಹಬ್. ಅದು ಶುರುವಾದದ್ದು 2008ರಲ್ಲಿ, ಮೈಕ್ರೋಸಾಫ್ಟ್ ಕೈಗೆ ಹೋದದ್ದು 2018ರಲ್ಲಿ. ಎರಡೂ ಬೇರೆ ಬೇರೆ ಎಂಬುದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಗಿಟ್ ನಿಮ್ಮ ದಡ, ಗಿಟ್‌ಹಬ್ ಆಚೆ ದಡ.

ಪ್ರೋಗ್ರಾಮರುಗಳ ಆಟಿಕೆ ಎಂದು ದೂರ ಸರಿಯಬೇಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಜಾಲಕ್ಕೆ ಬಂತು. ಅದರ ಇಡೀ ದತ್ತಾಂಶ ಗಿಟ್‌ಹಬ್‌ನಲ್ಲಿ ಮುಕ್ತವಾಗಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಿಘಂಟಿಗೆ ಒಗ್ಗಿದ್ದು ದೋಣಿಯ ವೇಳಾಪಟ್ಟಿಗೆ ಒಗ್ಗುವುದಿಲ್ಲವೆ?

ಕೊಡಗಿನವರಿಗೆ ಇನ್ನೊಂದು ಲಾಭವಿದೆ. ಜೂನ್ ಬಂತೆಂದರೆ ಅಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ದೇವರ ಇಚ್ಛೆ. ಗಿಟ್‌ಗೆ ನೆಟ್‌ವರ್ಕ್ ಬೇಕಿಲ್ಲ. ಪೂರ್ತಿ ಇತಿಹಾಸ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಮೂರು ದಿನ ಸಿಗ್ನಲ್ ಇಲ್ಲದಿದ್ದರೂ ಬರೆಯುತ್ತ, ದಾಖಲಿಸುತ್ತ ಹೋಗಬಹುದು. ಕುಶಾಲನಗರಕ್ಕೆ ಬಂದ ದಿನ ಎಲ್ಲವನ್ನೂ ಒಟ್ಟಿಗೆ ಕಳಿಸಿದರಾಯಿತು.

ದುಬಾರೆ ಬಗ್ಗೆ ಒಂದು ಪುಟ್ಟ ಮಾಹಿತಿ ತಾಣ ಮಾಡುತ್ತಿದ್ದೇವೆ ಎಂದುಕೊಂಡು ಮುಂದೆ ಹೋಗೋಣ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಗುಂಡಿಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ.

ಹಂತ 1: ಸಾಮಾನು ಸರಂಜಾಮು

ಗಿಟ್‌ಹಬ್ ತಾಣದಲ್ಲಿ ಉಚಿತ ಖಾತೆ ತೆರೆಯಿರಿ. ಖಾತೆಯ ಹೆಸರೇ ನಾಳೆ ನಿಮ್ಮ ಜಾಲತಾಣದ ವಿಳಾಸದಲ್ಲಿ ಕಾಣುವುದರಿಂದ ಹುಡುಗಾಟದ ಹೆಸರು ಬೇಡ. ಆಮೇಲೆ ‘ಗಿಟ್‌ಹಬ್ ಡೆಸ್ಕ್‌ಟಾಪ್’ ಎಂಬ ತಂತ್ರಾಂಶ ಇಳಿಸಿಕೊಳ್ಳಿ. ವಿಂಡೋಸ್, ಮ್ಯಾಕ್ ಎರಡಕ್ಕೂ ಇದೆ. ಗಿಟ್ ಅದರೊಳಗೇ ಬರುತ್ತದೆ. ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಟೈಪಿಸಿಯೇ ಕಲಿಯಬೇಕು ಎನ್ನುವ ಹಳಬರಿದ್ದಾರೆ. ಅವರ ಮಾತು ಎರಡನೇ ವರ್ಷಕ್ಕೆ ಇರಲಿ. 2021ರ ಆಗಸ್ಟ್‌ನಿಂದ ಗಿಟ್‌ಹಬ್‌ಗೆ ಆಜ್ಞೆಗಳ ಮೂಲಕ ಕಳಿಸುವಾಗ ಬರೀ ಪಾಸ್‌ವರ್ಡ್ ನಡೆಯುವುದಿಲ್ಲ, ಟೋಕನ್ ಮುಂತಾದ ತಾಪತ್ರಯಗಳಿವೆ. ಡೆಸ್ಕ್‌ಟಾಪ್‌ನಲ್ಲಾದರೆ ಬ್ರೌಸರಿನಲ್ಲಿ ಒಮ್ಮೆ ಸೈನ್ ಇನ್ ಆದರೆ ಮುಗಿಯಿತು.

ಹಂತ 2: ಭಂಡಾರ ತೆರೆಯುವುದು

ಫೈಲ್ ಮೆನುವಿನಲ್ಲಿ ‘ನ್ಯೂ ರೆಪಾಸಿಟರಿ’ ಆರಿಸಿ. ರೆಪಾಸಿಟರಿ ಎಂದರೆ ಭಂಡಾರ, ಇತಿಹಾಸ ಉಳ್ಳ ಫೋಲ್ಡರ್. ಹೆಸರು ‘ದುಬಾರೆ’ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಕೊಡಿ, ಜಾಗ ತೋರಿಸಿ, ‘ಕ್ರಿಯೇಟ್ ರೆಪಾಸಿಟರಿ’ ಒತ್ತಿ. ಫೋಲ್ಡರಿನೊಳಗೆ ‘.ಗಿಟ್’ ಎಂಬ ಅಡಗಿದ ಉಪಫೋಲ್ಡರ್ ಹುಟ್ಟುತ್ತದೆ. ಇತಿಹಾಸವೆಲ್ಲ ಅದರಲ್ಲಿದೆ. ಅದನ್ನು ಮುಟ್ಟಬೇಡಿ.

ಹಂತ 3: ಬರೆಯುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕನ್ನಡದವರು ಎಡವುವುದು ಇಲ್ಲೇ.

ಮೊದಲನೆಯದು ಯೂನಿಕೋಡ್. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಬರಹ ನಿಮ್ಮ ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಜಾಲದಲ್ಲಿ ಹಾಕಿದರೆ ಓದುಗರಿಗೆ ಕಾಣುವುದೂ ಅದೇ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲಷ್ಟೇ ಭಂಡಾರಕ್ಕೆ ಹಾಕಿ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದಿದೆಯೇ ನೋಡಿ.

ಎರಡನೆಯದು ಕಡತದ ಹೆಸರು. ಒಳಗಿನ ಬರಹ ಕನ್ನಡದಲ್ಲಿರಲಿ, ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿರಲಿ. ಅಭಿಮಾನದಿಂದ ದುಬಾರೆಯ ಆನೆಯ ಹೆಸರನ್ನೇ ‘ಗೋಪಿ’ ಎಂದು ಕನ್ನಡದಲ್ಲೇ ಇಟ್ಟರೆ ಮುಂದೊಂದು ದಿನ ಗಿಟ್‌ನ ಆಜ್ಞೆಪರದೆಯಲ್ಲಿ ಆ ಜಾಗದಲ್ಲಿ \340\262\227 ಎಂದು ಶುರುವಾಗುವ ಅಂಕಿಗಳ ಸರಮಾಲೆ ಕಂಡು ವೈರಸ್ ಬಂತೆಂದು ಗಾಬರಿಯಾಗುತ್ತೀರಿ. ವೈರಸ್ ಅಲ್ಲ, ಆ ಮೂರು ಸಂಖ್ಯೆಗಳು ‘ಗ’ ಅಕ್ಷರದ ಒಳಗುಟ್ಟು. ‘ಕೋರ್.ಕೋಟ್‌ಪಾತ್’ ಎಂಬ ಆಯ್ಕೆಯನ್ನು ‘ಫಾಲ್ಸ್’ ಮಾಡಿದರೆ ಸರಿಹೋಗುತ್ತದೆ, ಆದರೆ ಹೊಸಬರಿಗೆ ಈ ಗೊಡವೆ ಯಾಕೆ.

ಮುಖಪುಟದ ಕಡತಕ್ಕೆ ‘ಇಂಡೆಕ್ಸ್.ಎಂಡಿ’ ಎಂದು ಹೆಸರು. ಎಂಡಿ ಎಂದರೆ ಮಾರ್ಕ್‌ಡೌನ್, ತೀರಾ ಸರಳ ಬರವಣಿಗೆ ಕ್ರಮ. ಸಾಲಿನ ಮುಂದೆ # ಹಾಕಿದರೆ ಶೀರ್ಷಿಕೆ, ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರ ಚಿಹ್ನೆ (**) ಹಾಕಿದರೆ ದಪ್ಪಕ್ಷರ, ಖಾಲಿ ಸಾಲು ಬಿಟ್ಟರೆ ಹೊಸ ಪ್ಯಾರಾ. ನಮ್ಮ ಮೊದಲ ಪುಟ ಇಷ್ಟು:

# ದುಬಾರೆ ಆನೆ ಶಿಬಿರ

ದುಬಾರೆ ಕೊಡಗು ಜಿಲ್ಲೆಯ ಸೋಮವಾರಪೇಟೆ ತಾಲ್ಲೂಕಿನಲ್ಲಿದೆ.
ಶಿಬಿರ ಕಾವೇರಿಯ ಆಚೆ ದಡದಲ್ಲಿದೆ.
ದೋಣಿಯಲ್ಲಿ ದಾಟಬೇಕು.
ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗಳ ಮೇಲೆ ನಡೆದು ದಾಟುವವರೂ ಇದ್ದಾರೆ.

ಪ್ರತಿ ವಾಕ್ಯಕ್ಕೂ ಒಂದೊಂದು ಸಾಲು ಕೊಟ್ಟಿರುವುದನ್ನು ಗಮನಿಸಿ. ಪ್ರಕಟವಾದಾಗ ನಾಲ್ಕೂ ಸೇರಿ ಒಂದೇ ಪ್ಯಾರಾ ಆಗುತ್ತವೆ, ಓದುಗರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಗಿಟ್‌ಗೆ ಮಾತ್ರ ತಿಳಿಯುತ್ತದೆ. ಅದು ಬದಲಾವಣೆಯನ್ನು ಎಣಿಸುವುದು ಸಾಲಿನ ಲೆಕ್ಕದಲ್ಲಿ. ಇಡೀ ಪ್ಯಾರಾವನ್ನು ಒಂದೇ ಸಾಲಾಗಿ ಬರೆದಿದ್ದರೆ ಒಂದು ಕಾಗುಣಿತ ತಿದ್ದಿದರೂ ಪ್ಯಾರಾ ಪೂರ್ತಿ ಬದಲಾಯಿತು ಎಂದು ತೋರಿಸುತ್ತದೆ. ಇದು ನನಗೆ ಯಾರೂ ಹೇಳಿಕೊಡಲಿಲ್ಲ. ಒಂದು ವರ್ಷ ಉದ್ದುದ್ದ ಸಾಲು ಬರೆದು, ಏನು ತಿದ್ದಿದೆನೆಂದು ನಾನೇ ಹುಡುಕಿಕೊಂಡು ಕೂತ ಮೇಲೆ ಬುದ್ಧಿ ಬಂತು.

ಹಂತ 4: ಕಮಿಟ್

ಕಡತ ಉಳಿಸಿ ಡೆಸ್ಕ್‌ಟಾಪ್‌ಗೆ ಬಂದರೆ ಎಡಗಡೆ ‘ಚೇಂಜಸ್’ ಅಡಿಯಲ್ಲಿ ಆ ಕಡತ ಕಾಣುತ್ತದೆ. ಪಕ್ಕದಲ್ಲಿ ಟಿಕ್ ಇರುತ್ತದೆ. ಬೇಡವಾದ ಕಡತದ ಟಿಕ್ ತೆಗೆಯಬಹುದು. ಕೆಳಗಿನ ‘ಸಮರಿ’ ಪೆಟ್ಟಿಗೆಯಲ್ಲಿ ಏನು ಮಾಡಿದಿರೆಂದು ಒಂದು ಸಾಲು ಬರೆದು ‘ಕಮಿಟ್ ಟು ಮೇನ್’ ಒತ್ತಿ. ಈ ಕ್ಷಣದ ಫೋಲ್ಡರಿನ ಸ್ಥಿತಿ ಇತಿಹಾಸಕ್ಕೆ ಸೇರಿತು.

ಆ ಒಂದು ಸಾಲನ್ನು ಕನ್ನಡದಲ್ಲೇ ಬರೆಯಿರಿ, ಗಿಟ್‌ಗೆ ಏನೂ ತಕರಾರಿಲ್ಲ. ‘ಅಪ್‌ಡೇಟ್’ ಎಂದಷ್ಟೇ ಬರೆಯುವ ಚಾಳಿ ಬೇಡ. ಆರು ತಿಂಗಳ ನಂತರ ನಲವತ್ತು ‘ಅಪ್‌ಡೇಟ್’ಗಳ ನಡುವೆ ಬೇಕಾದದ್ದನ್ನು ಹುಡುಕುವವರು ನೀವೇ. ‘ನೀರು ಹೆಚ್ಚಾಗಿ ದೋಣಿ ನಿಂತ ಸುದ್ದಿ ಹಾಕಿದೆ’ ಎಂಬುದು ಸರಿಯಾದ ಸಾಲು.

ಈಗ ನಿಜವಾದ ತಿದ್ದುಪಡಿ ಮಾಡೋಣ. ಮೇಲಿನ ಪುಟದಲ್ಲಿ ಒಂದು ತಪ್ಪು ಬೇಕೆಂದೇ ಬಿಟ್ಟಿದ್ದೇನೆ. ದುಬಾರೆ ಹಿಂದೆ ಸೋಮವಾರಪೇಟೆ ತಾಲ್ಲೂಕಿನಲ್ಲಿತ್ತು, ಕುಶಾಲನಗರ ಬೇರೆ ತಾಲ್ಲೂಕಾದ ಮೇಲೆ ಅದಕ್ಕೆ ಸೇರಿತು. ಎಷ್ಟೋ ತಾಣಗಳಲ್ಲಿ ಇಂದಿಗೂ ಹಳೆಯ ತಾಲ್ಲೂಕೇ ಇದೆ. ಆ ಪದ ಬದಲಿಸಿ ಉಳಿಸಿದರೆ ಡೆಸ್ಕ್‌ಟಾಪ್ ಹೀಗೆ ತೋರಿಸುತ್ತದೆ:

− ದುಬಾರೆ ಕೊಡಗು ಜಿಲ್ಲೆಯ ಸೋಮವಾರಪೇಟೆ ತಾಲ್ಲೂಕಿನಲ್ಲಿದೆ.
+ ದುಬಾರೆ ಕೊಡಗು ಜಿಲ್ಲೆಯ ಕುಶಾಲನಗರ ತಾಲ್ಲೂಕಿನಲ್ಲಿದೆ.

ಮೇಲಿನದು ಕೆಂಪು, ಹೋದ ಸಾಲು. ಕೆಳಗಿನದು ಹಸಿರು, ಬಂದ ಸಾಲು. ಇದಕ್ಕೆ ಡಿಫ್ ಎನ್ನುತ್ತಾರೆ. ಪ್ರತಿ ಕಮಿಟ್‌ಗೆ ಮೊದಲು ಇದನ್ನೊಮ್ಮೆ ಓದುವ ಅಭ್ಯಾಸ ಇಟ್ಟುಕೊಂಡರೆ ಪ್ರೂಫ್ ನೋಡಿದ ಹಾಗೂ ಆಗುತ್ತದೆ.

ಕೆಲವೊಮ್ಮೆ ಕೆಂಪು ಸಾಲೂ ಹಸಿರು ಸಾಲೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಕನ್ನಡದ ‘ಗೋ’ ಯೂನಿಕೋಡಿನಲ್ಲಿ ‘ಗ’ ಜೊತೆ ಓತ್ವದ ಒಂದೇ ಚಿಹ್ನೆಯಾಗಿಯೂ ಇರಬಹುದು, ಎತ್ವ, ಊತ್ವದ ಕೊಂಬು, ದೀರ್ಘ ಎಂದು ಮೂರು ಚಿಹ್ನೆಗಳ ಜೋಡಣೆಯಾಗಿಯೂ ಇರಬಹುದು. ಕಾಗದದ ಮೇಲೆ ಒಂದೇ ಗೋಪಿ, ಗಿಟ್‌ಗೆ ಇಬ್ಬರು ಗೋಪಿ. ಬೇರೆ ಬೇರೆ ಕೀಲಿಮಣೆ ತಂತ್ರಾಂಶಗಳಲ್ಲಿ ಟೈಪಿಸಿದಾಗ ಹೀಗಾಗುವುದುಂಟು. ತಂಡದವರೆಲ್ಲ ಒಂದೇ ಕೀಲಿಮಣೆ ಬಳಸಿದರೆ ಈ ತಲೆನೋವು ಮುಕ್ಕಾಲು ಪಾಲು ಕಡಿಮೆ.

ಹಂತ 5: ಆಚೆ ದಡಕ್ಕೆ ಕಳಿಸುವುದು

ಕಮಿಟ್ ಮಾಡಿದ್ದು ಇನ್ನೂ ಈಚೆ ದಡದಲ್ಲೇ ಇದೆ. ‘ಕಮಿಟ್ ಮಾಡಿದೆ, ತಾಣದಲ್ಲಿ ಕಾಣ್ತಾ ಇಲ್ಲ’ ಎಂಬುದು ಹೊಸಬರ ಸಾಮಾನ್ಯ ದೂರು. ದುಬಾರೆಯ ದಂಡೆಯನ್ನೇ ನೆನೆಸಿಕೊಳ್ಳಿ. ಸಾಲಿನಲ್ಲಿ ನಿಂತವರಲ್ಲಿ ಯಾರು ಹೋಗಬೇಕೆಂದು ಆರಿಸುವುದು ಟಿಕ್. ಅವರನ್ನು ದೋಣಿಯಲ್ಲಿ ಕೂರಿಸಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಕಮಿಟ್. ದೋಣಿ ಹೊರಡುವುದು ಪುಶ್. ಅದು ಹೊರಡದೆ ಆಚೆಯವರಿಗೆ ನೀವು ಕಾಣುವುದಿಲ್ಲ.

ಮೊದಲ ಸಲ ಮೇಲೆ ‘ಪಬ್ಲಿಷ್ ರೆಪಾಸಿಟರಿ’ ಗುಂಡಿ ಇರುತ್ತದೆ. ಒತ್ತಿದಾಗ ‘ಕೀಪ್ ದಿಸ್ ಕೋಡ್ ಪ್ರೈವೇಟ್’ ಎಂಬುದರ ಮುಂದೆ ಟಿಕ್ ಇದ್ದರೆ ತೆಗೆಯಿರಿ. ಉಚಿತ ಖಾತೆಯಲ್ಲಿ ಜಾಲತಾಣ ಪ್ರಕಟಿಸಲು ಭಂಡಾರ ಸಾರ್ವಜನಿಕವಾಗಿರಬೇಕು. ನಂತರದ ದಿನಗಳಲ್ಲಿ ಅದೇ ಜಾಗದಲ್ಲಿ ‘ಪುಶ್ ಆರಿಜಿನ್’ ಬರುತ್ತದೆ.

ಹಂತ 6: ಜಾಲತಾಣವಾಗಿ ತೆರೆಯುವುದು

ಬ್ರೌಸರಿನಲ್ಲಿ ನಿಮ್ಮ ಭಂಡಾರದ ‘ಸೆಟ್ಟಿಂಗ್ಸ್’ಗೆ ಹೋಗಿ, ಎಡಗಡೆ ‘ಪೇಜಸ್’ ಒತ್ತಿ. ‘ಡಿಪ್ಲಾಯ್ ಫ್ರಮ್ ಎ ಬ್ರಾಂಚ್’ ಎಂದಿರಲಿ. ಬ್ರಾಂಚ್ ‘ಮೇನ್’, ಫೋಲ್ಡರ್ ‘ರೂಟ್’ ಆರಿಸಿ ‘ಸೇವ್’ ಮಾಡಿ. ಒಂದು ಕಾಫಿ ಕುಡಿದು ಬನ್ನಿ. ಹತ್ತು ನಿಮಿಷದೊಳಗೆ ನಿಮ್ಮ ಖಾತೆಯ ಹೆಸರು, ಆಮೇಲೆ ಗಿಟ್‌ಹಬ್ ಡಾಟ್ ಐಒ, ಓರೆಗೆರೆ, ದುಬಾರೆ ಎಂಬ ವಿಳಾಸದಲ್ಲಿ ತಾಣ ತೆರೆದುಕೊಳ್ಳುತ್ತದೆ. ಮಾರ್ಕ್‌ಡೌನನ್ನು ಪುಟವಾಗಿ ಬದಲಿಸುವ ಕೆಲಸ ಜೆಕಿಲ್ ಎಂಬ ತಂತ್ರಾಂಶದ್ದು, ಅದು ಗಿಟ್‌ಹಬ್‌ನಲ್ಲೇ ಓಡುತ್ತದೆ. ಇನ್ನು ಮೇಲೆ ಪುಶ್ ಮಾಡಿದ್ದೆಲ್ಲ ತಾನಾಗಿ ಪ್ರಕಟವಾಗುತ್ತದೆ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. ಗಿಟ್‌ಹಬ್‌ನ ಈ ಉಚಿತ ಸೇವೆಯನ್ನು ವ್ಯಾಪಾರದ ತಾಣಕ್ಕೆ ಬಳಸಬಾರದೆಂದು ಅವರ ನಿಯಮವೇ ಹೇಳುತ್ತದೆ. ಕೊಠಡಿ ಕಾಯ್ದಿರಿಸಿ ಹಣ ಪಡೆಯುವ ತಾಣವಾದರೆ ಭಂಡಾರ ಗಿಟ್‌ಹಬ್‌ನಲ್ಲೇ ಇರಲಿ, ಪ್ರಕಟಣೆಗೆ ಕ್ಲೌಡ್‌ಫ್ಲೇರ್ ಪೇಜಸ್, ನೆಟ್‌ಲಿಫೈ ತರಹದ ಬೇರೆ ಸೇವೆ ನೋಡಿಕೊಳ್ಳಿ.

ಹಂತ 7: ಚಿತ್ರಗಳು

ಆನೆಯ ಫೋಟೊ ಇಲ್ಲದ ದುಬಾರೆ ತಾಣ ಯಾರಿಗೆ ಬೇಕು? ‘ಇಮೇಜಸ್’ ಎಂಬ ಉಪಫೋಲ್ಡರ್ ಮಾಡಿ ಚಿತ್ರಗಳನ್ನು ಅದರಲ್ಲಿ ಹಾಕಿ. ಆದರೆ ಮೊಬೈಲಿನಿಂದ ತೆಗೆದದ್ದನ್ನು ಹಾಗೇ ತುರುಕಬೇಡಿ, ಮೊದಲು ಕುಗ್ಗಿಸಿ. ನೂರಿನ್ನೂರು ಕಿಲೋಬೈಟ್ ಸಾಕು. ಗಿಟ್ ಯಾವುದನ್ನೂ ಮರೆಯದ ಕಾರಣ ಇಂದು ಹಾಕಿ ನಾಳೆ ತೆಗೆದ ದೊಡ್ಡ ಚಿತ್ರ ಇತಿಹಾಸದಲ್ಲಿ ಭಾರವಾಗಿ ಕೂತೇ ಇರುತ್ತದೆ. 100 ಮೆಗಾಬೈಟ್ ಮೀರಿದ ಕಡತವನ್ನು ಗಿಟ್‌ಹಬ್ ಒಳಗೇ ಬಿಡುವುದಿಲ್ಲ, ಪ್ರಕಟವಾದ ತಾಣ 1 ಗಿಗಾಬೈಟ್ ದಾಟುವಂತಿಲ್ಲ.

ಮನೆಯಲ್ಲಿ ಕಾಣುವ ಚಿತ್ರ ತಾಣದಲ್ಲಿ ಕಾಣದಿದ್ದರೆ ನೂರಕ್ಕೆ ತೊಂಬತ್ತು ಪಾಲು ಕಾರಣ ದೊಡ್ಡಕ್ಷರ. ವಿಂಡೋಸ್‌ಗೆ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ‘ಜೆ’, ಸಣ್ಣ ‘ಜೆ’ ಎರಡೂ ಒಂದೇ. ಗಿಟ್‌ಹಬ್‌ಗೆ ಒಂದಲ್ಲ.

ಹಂತ 8: ಹಿಂದಕ್ಕೆ ಹೋಗುವುದು

ಇಷ್ಟೆಲ್ಲ ಮಾಡಿದ್ದು ಇದಕ್ಕಾಗಿ. ಜುಲೈನಲ್ಲಿ ನೀರು ಏರಿ ದೋಣಿ ನಿಂತಿತು. ಪುಟದಲ್ಲಿ ದೋಣಿಗೆ ಸಂಬಂಧಿಸಿದ ಎಲ್ಲ ಸಾಲುಗಳನ್ನೂ ಅಳಿಸಿ, ‘ದೋಣಿ ನಿಂತಿದೆ, ಈಗ ಬರಬೇಡಿ’ ಎಂದು ಒಂದೇ ಸಾಲು ಬರೆದು ಕಮಿಟ್, ಪುಶ್. ಹೆದರಬೇಡಿ. ನೀರು ಇಳಿದು ದೋಣಿ ಶುರುವಾದ ದಿನ ‘ಹಿಸ್ಟರಿ’ಗೆ ಹೋಗಿ, ಆ ಕಮಿಟ್ ಮೇಲೆ ಬಲಗುಂಡಿ ಒತ್ತಿ, ‘ರಿವರ್ಟ್ ಚೇಂಜಸ್ ಇನ್ ಕಮಿಟ್’ ಆರಿಸಿ. ಅಳಿಸಿದ ಸಾಲುಗಳು ಅಲ್ಪವಿರಾಮ ಸಮೇತ ವಾಪಸ್. ಅದೇ ಸಾಲುಗಳನ್ನು ಈ ನಡುವೆ ಯಾರೂ ತಿದ್ದಿರಬಾರದು, ಅಷ್ಟೆ. ರಿವರ್ಟ್ ಹಳೆಯದನ್ನು ಅಳಿಸುವುದಿಲ್ಲ, ರದ್ದು ಮಾಡುವ ಇನ್ನೊಂದು ಕಮಿಟ್ ಸೇರಿಸುತ್ತದೆ. ಹಾಗಾಗಿ ದೋಣಿ ಎಂದು ನಿಂತಿತು, ಎಂದು ಹೊರಟಿತು ಎಂಬ ದಾಖಲೆಯೂ ಪುಕ್ಕಟೆಯಾಗಿ ಸಿಕ್ಕಿತು. ಇನ್ನು ಐದು ವರ್ಷಕ್ಕೆ ಅದೊಂದು ಒಳ್ಳೆಯ ಮಳೆಗಾಲದ ದಿನಚರಿ.

ಯಾವುದನ್ನೂ ಮರೆಯದ ಈ ಗುಣಕ್ಕೆ ಇನ್ನೊಂದು ಮುಖ ಇದೆ. ಶಿಬಿರದಲ್ಲಿ ಆನೆಗಳನ್ನು ನೋಡಿಕೊಳ್ಳುವ ಮಾವುತರು, ಕಾವಾಡಿಗಳಲ್ಲಿ ಹಲವರು ಜೇನುಕುರುಬರು. ಅವರ ಮನೆಮಕ್ಕಳ ಚಿತ್ರವನ್ನೋ ಫೋನ್ ನಂಬರನ್ನೋ ಕೇಳದೆ ಹಾಕಿ, ಆಮೇಲೆ ಪುಟದಿಂದ ತೆಗೆದರೂ ಸಾರ್ವಜನಿಕ ಭಂಡಾರದ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಪಾಸ್‌ವರ್ಡುಗಳಿಗೂ ಇದೇ ಮಾತು. ಇತಿಹಾಸವನ್ನೇ ತಿದ್ದಿ ಬರೆಯುವ ವಿಧಾನಗಳಿವೆ, ಆದರೆ ಅಷ್ಟರೊಳಗೆ ನಕಲು ಮಾಡಿಕೊಂಡವರ ಕೈಯಿಂದ ವಾಪಸ್ ಪಡೆಯಲಾಗದು. ಹಾಕುವ ಮೊದಲು ಕೇಳಿ.

ಹಂತ 9: ಬ್ರಾಂಚ್, ಮತ್ತು ಜೊತೆಗಾರರು

ಬ್ರಾಂಚ್ ಎಂದರೆ ಕವಲು. ‘ಬ್ರಾಂಚ್’ ಮೆನುವಿನಲ್ಲಿ ‘ನ್ಯೂ ಬ್ರಾಂಚ್’ ಒತ್ತಿ ‘ದಸರಾ’ ಎಂದು ಹೆಸರಿಡಿ. ಈಗ ನೀವು ಬರೆದದ್ದು ಆ ಕವಲಿನಲ್ಲಿ ಮಾತ್ರ ಇರುತ್ತದೆ, ಪ್ರಕಟವಾದ ಮೇನ್‌ಗೆ ತಾಗುವುದಿಲ್ಲ. ದುಬಾರೆಯಿಂದ ಪ್ರತಿವರ್ಷ ಕೆಲವು ಆನೆಗಳು ಮೈಸೂರು ದಸರಾಕ್ಕೆ ಹೋಗುತ್ತವೆ. ಗೋಪಿ, ಧನಂಜಯ, ಪ್ರಶಾಂತ, ಕಂಜನ್ ಹೀಗೆ ಹೋದವರೇ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಪೂಜೆಯಾಗಿ, ಜಂಬೂಸವಾರಿ ಮುಗಿಯುವವರೆಗೆ ಅವು ಮೈಸೂರಿನಲ್ಲಿ. ‘ಗೋಪಿಯನ್ನು ನೋಡಲು ಬಂದೆವು’ ಎಂದು ಆಗ ದುಬಾರೆಗೆ ಬಂದವರಿಗೆ ನಿರಾಸೆ. ಯಾವ ಆನೆ ಹೋಗಲಿದೆ ಎಂಬ ಪಟ್ಟಿಯನ್ನು ಮೊದಲೇ ಕವಲಿನಲ್ಲಿ ಸಿದ್ಧ ಮಾಡಿಟ್ಟು, ಆನೆಗಳು ಲಾರಿ ಹತ್ತಿದ ದಿನ ಮೇನ್‌ಗೆ ಮರಳಿ ‘ಮರ್ಜ್ ಇನ್‌ಟು ಕರೆಂಟ್ ಬ್ರಾಂಚ್’ ಆರಿಸಿ, ‘ದಸರಾ’ ತೋರಿಸಿ, ಪುಶ್ ಮಾಡಿ. ಅರಣ್ಯ ಇಲಾಖೆ ಪಟ್ಟಿ ಬದಲಿಸಿದರೆ ಕವಲಿನಲ್ಲೇ ತಿದ್ದಿಕೊಂಡರಾಯಿತು.

ಇಬ್ಬರು ಸೇರಿ ನಡೆಸುವಾಗ ಪ್ರತಿದಿನ ಕೂತ ಕೂಡಲೇ ‘ಫೆಚ್ ಆರಿಜಿನ್’, ಆಮೇಲೆ ‘ಪುಲ್’ ಒತ್ತಿ, ಇನ್ನೊಬ್ಬರು ಮಾಡಿದ್ದನ್ನು ತರಿಸಿಕೊಳ್ಳಿ. ಮರೆತರೆ ಒಂದಲ್ಲ ಒಂದು ದಿನ ಪುಟದಲ್ಲಿ ಇದು ಕಾಣುತ್ತದೆ:

<<<<<<<
ದೋಣಿ ನಾಳೆಯಿಂದ ಶುರು.
=======
ದೋಣಿ ಸೋಮವಾರದಿಂದ ಶುರು.
>>>>>>>

ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆ ಥರ ತಿದ್ದಿದ್ದೀರಿ. ಇದಕ್ಕೆ ಕಾನ್‌ಫ್ಲಿಕ್ಟ್ ಎಂದು ಹೆಸರು, ಜಗಳವೇನಲ್ಲ. ಯಾವುದು ಸರಿ ಎಂದು ಗಿಟ್ ತೀರ್ಮಾನಿಸುವುದಿಲ್ಲ, ಕೇಳುತ್ತದೆ ಅಷ್ಟೆ. ಸರಿಯಾದ ಸಾಲು ಉಳಿಸಿ, ಇನ್ನೊಂದನ್ನೂ ಗುರುತುಗಳನ್ನೂ ಅಳಿಸಿ, ಕಮಿಟ್ ಮಾಡಿ. ಯಾವುದು ಸರಿ ಎಂದು ನಿಮಗೂ ಗೊತ್ತಿಲ್ಲದಿದ್ದರೆ ಕಂಪ್ಯೂಟರ್ ಮುಚ್ಚಿ ದುಬಾರೆಗೆ ಫೋನ್ ಮಾಡಿ.

ನಾನು ಹೇಳಿದ ಆ ತಾಣದವರು ಈಗ ಗಿಟ್ ಬಳಸುತ್ತಿದ್ದಾರೆ. ಮೊದಲ ವಾರ ಅವರು ಮಾಡಿದ್ದು ನಾಲ್ಕೇ ಕಮಿಟ್, ಅದರಲ್ಲಿ ಎರಡು ರಿವರ್ಟ್. ‘ವರ್ಷವಿಡೀ’ ಎಂಬ ಪದ ಹೋಗಿದೆ. ನೀವು ಮಳೆಗಾಲದಲ್ಲಿ ಆ ಕಡೆ ಹೊರಡುವುದಾದರೆ ಯಾವ ತಾಣದಲ್ಲಿ ಏನೇ ಬರೆದಿರಲಿ, ಗುಡ್ಡೆಹೊಸೂರಿನಲ್ಲಿ ತಿರುಗುವ ಮೊದಲು ಯಾರನ್ನಾದರೂ ಒಮ್ಮೆ ಕೇಳಿ: ಇವತ್ತು ದೋಣಿ ಉಂಟಾ?